ಐದು ತಿಂಗಳ ಮಗುವಿಗೆ ಎಂಥ ಬಿಬ್ ಆರಿಸಬೇಕು?

ಪ್ರಶ್ನೆ (ಚೊಚ್ಚಲ ತಾಯಿ):

ನಮಸ್ಕಾರ. ನನ್ನ ಮಗಳಿಗೆ ಐದು ತಿಂಗಳು ತುಂಬಿದೆ. ಮೂರನೆಯ ತಿಂಗಳಿನಿಂದಲೇ ಜೊಲ್ಲು ಸುರಿಯತೊಡಗಿದ್ದು, ಈಗಂತೂ ಹಾಕಿದ ಅಂಗಿಯ ಎದೆಭಾಗ ಅರ್ಧ ಗಂಟೆಯೊಳಗೆ ತೊಯ್ದುಹೋಗುತ್ತದೆ. ಉಡುಗೊರೆಯಾಗಿ ಬಂದ ಎಂಟು ಬಿಬ್‌ಗಳು ನನ್ನಲ್ಲಿವೆ. ನೋಡಲು ಚೆಂದವಾಗಿದ್ದರೂ ಹೆಚ್ಚಿನವು ನುಣುಪು ಬಟ್ಟೆಯವು. ಜೊಲ್ಲು ಅವುಗಳಲ್ಲಿ ಇಂಗದೆ ಅಂಚಿನಿಂದ ಜಾರಿ ಕೊರಳಿನ ಮಡಿಕೆಯಲ್ಲಿ ನಿಲ್ಲುತ್ತದೆ. ಕಳೆದ ವಾರ ಗದ್ದದ ಕೆಳಗೆ ಸಣ್ಣ ಕೆಂಪು ಗುಳ್ಳೆಗಳೂ ಎದ್ದವು. ಮುಂದಿನ ತಿಂಗಳು ಊಟ ಶುರುಮಾಡಬೇಕಾಗಿರುವುದರಿಂದ, ಜೊಲ್ಲಿಗೂ ಊಟಕ್ಕೂ ಒಂದೇ ಬಗೆಯ ಬಿಬ್ ಸಾಲುತ್ತದೆಯೇ, ಲಾಡಿ, ವೆಲ್ಕ್ರೋ, ಟಿಚ್ ಬಟನ್‌ಗಳಲ್ಲಿ ಯಾವುದು ಒಳ್ಳೆಯದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಇಬ್ಬರು ಮಕ್ಕಳ ಅಮ್ಮ):

ಒಂದೇ ಬಿಬ್ ಸಾಲುವುದಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಕೆಲಸಗಳು. ಜೊಲ್ಲಿನ ಬಿಬ್ ನೀರನ್ನು ಹೀರಿಕೊಳ್ಳಬೇಕು. ಊಟದ ಬಿಬ್ ಬಿದ್ದದ್ದನ್ನು ತಡೆದು ಹಿಡಿಯಬೇಕು. ಜೊಲ್ಲಿಗೆ ಟರ್ಕಿ ಟವೆಲ್‌ನಂತೆ ಕುಣಿಕೆಗಳಿರುವ ಹತ್ತಿ ಬಟ್ಟೆ ಅಥವಾ ಹಲವು ಪದರಗಳ ಮಸ್ಲಿನ್ ಒಳ್ಳೆಯದು. ಹಿಂಬದಿಯಲ್ಲಿ ತೆಳುವಾದ ಜಲನಿರೋಧಕ ಪದರವಿದ್ದರೆ ಅಂಗಿ ಒದ್ದೆಯಾಗುವುದಿಲ್ಲ ನಿಜ, ಆದರೆ ಆ ಪದರ ಕೊರಳಿನವರೆಗೂ ಬಂದಿದ್ದರೆ ಸೆಕೆಗೆ ಮಗು ಬೆವರುತ್ತದೆ.

ನಿಮ್ಮಲ್ಲಿರುವ ಬಿಬ್‌ಗಳನ್ನು ಎಸೆಯುವ ಮೊದಲು ಒಮ್ಮೆ ಒಗೆದು ಒಣಗಿಸಿ, ಬೆರಳ ತುದಿಯಿಂದ ಒಂದು ಹನಿ ನೀರು ಹಾಕಿ ನೋಡಿ. ಹನಿ ಕೂಡಲೇ ಹರಡಿ ಇಂಗಿದರೆ ಅದು ಕೆಲಸಕ್ಕೆ ಬರುತ್ತದೆ. ಮುತ್ತಿನಂತೆ ಮೇಲೆಯೇ ನಿಂತರೆ ಜೊಲ್ಲೂ ಹಾಗೆಯೇ ನಿಲ್ಲುತ್ತದೆ. ಕೊರಳಿನ ಅಳತೆಯೂ ಬಟ್ಟೆಯಷ್ಟೇ ಮುಖ್ಯ. ಹಾಕಿದ ಮೇಲೆ ನಿಮ್ಮ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು, ಅದಕ್ಕಿಂತ ಅಗಲವಾದರೆ ಜೊಲ್ಲು ಬಿಬ್‌ನ ಒಳಗಿನಿಂದಲೇ ಇಳಿಯುತ್ತದೆ. ಜೊಲ್ಲು ಹೆಚ್ಚಿರುವಾಗ ದಿನಕ್ಕೆ ಆರೇಳು ಬಿಬ್ ಬದಲಾಯಿಸಬೇಕಾಗಬಹುದು, ಆದ್ದರಿಂದ ದುಬಾರಿಯಾದ ಎರಡಕ್ಕಿಂತ ಸಾದಾ ಹತ್ತು ಇರುವುದೇ ಲೇಸು.

ಊಟಕ್ಕೆ ಮಾತ್ರ ಕೆಳಗೆ ಜೇಬಿರುವ ಸಿಲಿಕೋನ್ ಬಿಬ್ ತೆಗೆದುಕೊಳ್ಳಿ. ಅಂಥ ಎರಡು ಸಾಕು, ಏಕೆಂದರೆ ತೊಳೆದು ಒರೆಸಿದರೆ ಮುಂದಿನ ಊಟಕ್ಕೆ ಸಿದ್ಧವಾಗುತ್ತದೆ.

ಉತ್ತರ (ಅಜ್ಜಿಯಾದವಳು):

ಕಟ್ಟುವ ಬಗೆಯ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತಮ್ಮ. ಲಾಡಿ ಬೇಡ. ಉದ್ದನೆಯ ಲಾಡಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತದೆ, ಗಂಟು ಬಿಚ್ಚಲೂ ತಡವಾಗುತ್ತದೆ. ವೆಲ್ಕ್ರೋ ಹಾಕಿ ತೆಗೆಯಲು ಸುಲಭ, ಆದರೆ ಅದರ ಒರಟು ಭಾಗ ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೂ ಹಿಂಗತ್ತನ್ನು ಕೆರೆಯುತ್ತದೆ; ಒಂಬತ್ತು ಹತ್ತು ತಿಂಗಳಾಗುವಷ್ಟರಲ್ಲಿ ಮಗು ತಾನೇ ಪರ್ರನೆ ಕಿತ್ತೆಸೆಯುವುದನ್ನೂ ಕಲಿಯುತ್ತದೆ. ನನ್ನ ಮೊಮ್ಮಗನಿಗೆ ಆ ಸದ್ದೇ ಒಂದು ಆಟವಾಗಿತ್ತು! ಟಿಚ್ ಬಟನ್ ಎರಡು ಮೂರು ಅಳತೆಗಳಲ್ಲಿದ್ದರೆ ಮಗು ಬೆಳೆದಂತೆ ಸಡಿಲಿಸಬಹುದು. ಗುಂಡಿಯನ್ನು ಆಗಾಗ ಎಳೆದು ನೋಡುತ್ತಿರಿ, ಅಲುಗಾಡಿದರೆ ಆ ಬಿಬ್ ಅನ್ನು ಬಿಟ್ಟುಬಿಡಿ, ಏಕೆಂದರೆ ಕಿತ್ತುಬಂದ ಗುಂಡಿ ನೇರವಾಗಿ ಬಾಯಿಗೇ ಹೋಗುತ್ತದೆ. ಅಂಟಿಸಿದ ಮಣಿ, ಹೂವುಗಳಿರುವ ಬಿಬ್ ಕೂಡ ಬೇಡ.

ಮಲಗಿಸುವಾಗ ಬಿಬ್ ತೆಗೆಯಲೇಬೇಕು. ಹತ್ತು ನಿಮಿಷದ ಜೋಂಪಾದರೂ ಸರಿಯೇ, ಕಾರಿನ ಸೀಟಿನಲ್ಲಿ ನಿದ್ದೆಹೋದರೂ ಸರಿಯೇ. ಅದು ಮುಖದ ಮೇಲೆ ಸರಿದರೆ ಅಷ್ಟು ಚಿಕ್ಕ ಮಗುವಿಗೆ ತೆಗೆದುಕೊಳ್ಳಲು ಬರುವುದಿಲ್ಲ.

ಉತ್ತರ (ಬಟ್ಟೆ ಒಗೆಯುವ ಅಪ್ಪ):

ಸಿಲಿಕೋನ್ ವಿಷಯದಲ್ಲಿ ಮೇಲಿನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆರು ತಿಂಗಳ ಮಗುವಿಗೆ ಅದು ಭಾರ. ಮಗು ಮುಂದಕ್ಕೆ ಬಾಗಿದಾಗ ಜೇಬು ಮೇಜಿಗೆ ತಾಗಿ ಇಡೀ ಬಿಬ್ ಗದ್ದಕ್ಕೆ ಒತ್ತುತ್ತದೆ. ನೆಟ್ಟಗೆ ಕೂರುವುದು ಚೆನ್ನಾಗಿ ರೂಢಿಯಾಗುವವರೆಗೆ ಜಲನಿರೋಧಕ ಪದರವಿರುವ ಮೆತ್ತನೆಯ ಬಿಬ್ಬೇ ನಮಗೆ ಒಗ್ಗಿತು. ಸಿಲಿಕೋನ್ ಕೊಳ್ಳುವುದಾದರೆ ಸುರುಳಿ ಸುತ್ತಿ ಬಿಟ್ಟು ನೋಡಿ, ಜೇಬು ತಾನಾಗಿ ಬಾಯಿ ತೆರೆದು ನಿಲ್ಲಬೇಕು. ಮುಚ್ಚಿಕೊಳ್ಳುವ ಜೇಬಿನಿಂದ ಏನೂ ಪ್ರಯೋಜನವಿಲ್ಲ.

ಒಗೆಯುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೆತ್ತಗಾಗಲೆಂದು ಸಾಫ್ಟ್‌ನರ್ ಹಾಕುತ್ತಿದ್ದೆ. ಅದು ನೂಲಿನ ಮೇಲೆ ಪದರ ಕಟ್ಟುವುದರಿಂದ ಒಳ್ಳೆಯ ಹತ್ತಿ ಬಿಬ್‌ಗಳೂ ನೀರು ಹೀರುವುದನ್ನು ಕಡಿಮೆ ಮಾಡಿದವು. ವೆಲ್ಕ್ರೋವನ್ನು ಮುಚ್ಚಿಯೇ ಮೆಷಿನ್ನಿಗೆ ಹಾಕಿ, ಇಲ್ಲದಿದ್ದರೆ ಉಳಿದ ಬಟ್ಟೆಗಳ ನೂಲನ್ನೆಲ್ಲ ಎಳೆದು ಹಾಕುತ್ತದೆ. ಕ್ಯಾರೆಟ್‌ನ ಕಲೆಯನ್ನು ಉಜ್ಜಿ ಸುಸ್ತಾಗಬೇಡಿ, ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಗುಳ್ಳೆಗಳಿಗೆ ಬಿಬ್ ಒಂದೇ ಪರಿಹಾರವಲ್ಲ. ಒದ್ದೆಯಾದ ಬಿಬ್ ಅನ್ನು ಕೂಡಲೇ ಬದಲಾಯಿಸಿ, ಕೊರಳಿನ ಮಡಿಕೆಯನ್ನು ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಸೋರಿದರೆ ಅಥವಾ ಹರಡಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಎಂಟನ್ನೂ ಒಗೆದು ಹನಿ ಹಾಕಿ ನೋಡಿದೆ. ನೀರು ಇಂಗಿದ್ದು ಎರಡರಲ್ಲಿ ಮಾತ್ರ, ಅವೆರಡೂ ಚಿತ್ರವಿಲ್ಲದ ಸಾದಾ ಬಿಳಿ ಬಿಬ್‌ಗಳು. ಅಂಥವೇ ಇನ್ನೂ ಆರು ತರಿಸುತ್ತಿದ್ದೇನೆ. ಸಿಲಿಕೋನ್ ಸದ್ಯಕ್ಕೆ ಬೇಡವೆಂದುಕೊಂಡೆ, ಮಗಳು ಇನ್ನೂ ದಿಂಬಿನ ಆಸರೆಯಿಲ್ಲದೆ ಕೂರುತ್ತಿಲ್ಲ.