‘ಶಮೆದಮೆ’: ಒಂದು ಪದವೋ, ಎರಡೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮೆಲ್ಲರ ಸಹಾಯ ಬೇಕು.

ನಮ್ಮ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲಿನಲ್ಲಿ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ (ಪತ್ರದ) 5ನೇ ಅಧ್ಯಾಯ ಬಾಯಿಪಾಠ ಮಾಡಿಸುತ್ತಿದ್ದೇನೆ. ದೇವರಾತ್ಮನಿಂದ ಬರುವ ಫಲ ಯಾವುದು ಅಂತ ಪೌಲ ಹೇಳುವ ಜಾಗ ಅದು. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಕೊನೆಗೆ ಶಮೆದಮೆ. ಒಬ್ಬ ಹುಡುಗ ಬೆರಳು ಮಡಚಿ ಎಣಿಸಿದ. ಕೊನೆಗೆ ಬಂದಾಗ ನಿಂತುಬಿಟ್ಟ. ‘ಟೀಚರ್, ಒಂಬತ್ತಾ, ಹತ್ತಾ?’ ಅಂದ.

ಗ್ರೀಕ್ ಮೂಲದಲ್ಲಿ ಇರುವುದು ಒಂದೇ ಪದ, ‘ಎಂಕ್ರಾತೇಯ’. ಅದರೊಳಗಿರುವ ‘ಕ್ರಾತೋಸ್’ ಅಂದರೆ ಬಲ, ಹಿಡಿತ. ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಅಂತ ಅರ್ಥ. ಕೊರಿಂಥದವರಿಗೆ ಬರೆಯುವಾಗ ಪಂದ್ಯದಲ್ಲಿ ಓಡುವವರ ಪಥ್ಯದ ಬಗ್ಗೆಯೂ ಪೌಲ ಇದೇ ಮೂಲದ ಕ್ರಿಯಾಪದ ಬಳಸುತ್ತಾನೆ. ಕನ್ನಡಕ್ಕೆ ತಂದವರು ಇದಕ್ಕೆ ಜೋಡಿ ಪದ ಆರಿಸಿದರು. ಅದೂ ವೇದಾಂತದ ಮನೆಯಿಂದ! ಅಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಅಂತ ಆರು ಗುಣಗಳಿವೆ. ಶಮ ಅಂದರೆ ಮನಸ್ಸು ತಣ್ಣಗಾಗುವುದು. ದಮ ಅಂದರೆ ಕಣ್ಣು, ಕಿವಿ, ನಾಲಿಗೆಗಳಿಗೆ ಲಗಾಮು ಹಾಕುವುದು.

ಈಗ ಚರ್ಚಿನಲ್ಲಿ ಪ್ರಸಂಗ (ಉಪದೇಶ) ಮಾಡುವವರು ಹೆಚ್ಚಾಗಿ ‘ಸಂಯಮ’ ಅಥವಾ ‘ಸ್ವನಿಯಂತ್ರಣ’ ಅಂದು ಮುಂದೆ ಹೋಗುತ್ತಾರೆ. ಮಕ್ಕಳಿಗೂ ಹಾಗೇ ಹೇಳಿಬಿಡಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಗದಗಿನ ನಮ್ಮ ಅಜ್ಜಿ.

ನಾನು ಚಿಕ್ಕವಳಿದ್ದಾಗ ಒಂದು ಸಲ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಸುಗ್ಗಿ ಹಬ್ಬದ ಊಟ. ಅಜ್ಜಿ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದಳು. ಯಾರೋ ಒಬ್ಬರು ಎಲ್ಲರೆದುರು ‘ನಿನಗ ಬಡಸಾಕ ಬರೂದುಲ್ಲ’ ಅಂತ ಜೋರು ಮಾಡಿದರು. ಅಜ್ಜಿ ತುಟಿ ಬಿಚ್ಚಲಿಲ್ಲ. ಸೌಟು ಹಿಡಿದ ಕೈಯೂ ನಿಲ್ಲಲಿಲ್ಲ, ಕೊನೆಯ ಎಲೆಯವರೆಗೂ ಬಡಿಸಿದಳು. ಮನೆಗೆ ಬರುವಾಗ ನಾನು, ‘ಅಜ್ಜಿ, ನಿನಗ ಸಿಟ್ಟ ಬರಲಿಲ್ಲೇನು?’ ಅಂದೆ. ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಬಾಯಿ ಸುಮ್ಮನಿತ್ತು, ಮನಸು ಸುಮ್ಮನಿರ್ಲಿಲ್ಲ ನೋಡ. ದಮೆ ಆತು, ಶಮೆ ಆಗ್ಲಿಲ್ಲ.’ ಆ ರಾತ್ರಿ ಪ್ರಾರ್ಥನೆಗೆ ಅವಳು ತುಂಬ ಹೊತ್ತು ಮೊಣಕಾಲೂರಿದ್ದಳು.

ಅಜ್ಜಿ ಓದಿದ್ದು ನಾಲ್ಕನೇ ಇಯತ್ತೆ. ವೇದಾಂತದ ಪುಸ್ತಕ ಮುಟ್ಟಿದವಳಲ್ಲ. ಆದರೂ ಎರಡನ್ನೂ ಬೇರೆ ಮಾಡಿ ತಿಳಿದಿದ್ದಳು. ದೇವರ ಸೇವೆಗೆ ಕೈ ದುಡಿದರೆ ಸಾಲದು, ದುಡಿಯುವಾಗ ಒಳಗೂ ತಣ್ಣಗಿರಬೇಕು ಅನ್ನುವುದು ಅವಳ ಲೆಕ್ಕ. ‘ಸ್ವನಿಯಂತ್ರಣ’ ಅಂದರೆ ಈ ಒಳಗಿನ ಅರ್ಧ ಬಿಟ್ಟುಹೋಗುತ್ತದೆ ಅಲ್ವಾ? ಅದಕ್ಕೇ ಹಳೆಯ ಪದವೇ ಮಕ್ಕಳ ಬಾಯಲ್ಲಿ ಉಳಿಯಲಿ ಅಂತ ನನ್ನ ಆಸೆ.

ಈಗ ಪ್ರಶ್ನೆಗೆ ಬರುತ್ತೇನೆ. ಸಂಸ್ಕೃತದ ದಯಾ, ಕ್ಷಮಾ ಕನ್ನಡದಲ್ಲಿ ದಯೆ, ಕ್ಷಮೆ ಆಗುವುದು ಸಹಜ. ಆದರೆ ಶಮ, ದಮ ಅಕಾರಾಂತ ಪದಗಳು. ಕನ್ನಡದಲ್ಲೂ ಶಮ, ದಮ ಅಂತಲೇ ಇರಬೇಕಿತ್ತು. ‘ಎ’ ಎಲ್ಲಿಂದ ಬಂತು? ದಯೆ, ಕ್ಷಮೆಗಳ ಜೊತೆ ಸೇರಿ ಸೇರಿ ಹಾಗಾಯಿತು ಅಂತ ನನ್ನ ಊಹೆ. ವಚನಗಳಲ್ಲಿ, ದಾಸರ ಪದಗಳಲ್ಲಿ ‘ಶಮೆ’, ‘ದಮೆ’ ಕಂಡವರು ಸಾಲು ಸಮೇತ ತಿಳಿಸಿ.

ಇನ್ನೊಂದು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಆಮೇಲೆ ಅದು ಹಲವು ಸಲ ತಿದ್ದುಪಡಿ ಆಗಿದೆ. ಮನೆಯಲ್ಲಿ ಹಳೆಯ ಪ್ರತಿ ಇರುವವರು ಗಲಾತ್ಯ 5:23 ತೆಗೆದು ಅಲ್ಲಿ ಯಾವ ಪದ ಇದೆ ನೋಡುತ್ತೀರಾ? ಅಚ್ಚಾದ ವರ್ಷವನ್ನೂ ಬರೆಯಿರಿ.

ಆ ಹುಡುಗನಿಗೆ ಸದ್ಯಕ್ಕೆ ‘ಒಂಬತ್ತು, ಆದರೆ ಕೊನೆಯದು ಜೋಡಿ’ ಅಂದಿದ್ದೇನೆ.