ಕೊಟ್ಟಿಗೆ ಕೆಲಸ ಮುಗಿಸಿ 6.50ರ ಬಸ್ಸು ಹಿಡಿಯೋದು ಹೇಗೆ? ಹಾಜರಾತಿ ಬೇರೆ ಕಮ್ಮಿಯಾಗಿದೆ

ಹೊಂಗೆಮರ (ಪ್ರಶ್ನೆ)

ಬಿ.ಎಸ್ಸಿ ಎರಡನೇ ವರ್ಷ. ಮನೆ ಅರಸೀಕೆರೆ ತಾಲೂಕಿನ ಹಳ್ಳಿಯಲ್ಲಿ, ಕಾಲೇಜು ತಿಪಟೂರಿನಲ್ಲಿ. ಊರಲ್ಲಿ ರಾತ್ರಿ ಹಾಲ್ಟ್ ಆಗುವ ಬಸ್ಸು ಬೆಳಿಗ್ಗೆ 6.50ಕ್ಕೆ ಬಿಡುತ್ತದೆ. ಅರಸೀಕೆರೆಯಲ್ಲಿ ಇಳಿದು ಇನ್ನೊಂದು ಹತ್ತಿದರೆ 9ರ ಹೊತ್ತಿಗೆ ಕಾಲೇಜು. ಅದು ತಪ್ಪಿದರೆ ಮುಂದಿನದು 8.40ಕ್ಕೆ, ಮೊದಲ ಎರಡು ಪೀರಿಯಡ್ ಕೈಬಿಟ್ಟ ಹಾಗೆಯೇ.

ಮನೆಯಲ್ಲಿ ಎರಡು ಸೀಮೆ ಹಸು, ಒಂದು ದಿನಕ್ಕೆ 10 ಲೀಟರ್, ಇನ್ನೊಂದು 6 ಲೀಟರ್. ಅಮ್ಮನಿಗೆ ಮಣಿಕಟ್ಟು ನೋವು, ಬೆಳಿಗ್ಗೆ ಕರೆಯೋದು ನಾನೇ. ಸಂಜೆ ಪಕ್ಕದ ಮನೆ ಚಿಕ್ಕಮ್ಮ ಕೈಜೋಡಿಸುತ್ತಾರೆ. ಈಗ 6ಕ್ಕೆ ಕೂತರೆ ಮುಗಿಯೋದು 6.35, ಡೈರಿಯಲ್ಲಿ ಕ್ಯೂ ಇದ್ದರೆ ಬಸ್ಸು ಹೋಯಿತು. ಡೈರಿ ತೆಗೆಯೋದು 6.15ಕ್ಕೆ.

ಭೌತಶಾಸ್ತ್ರದಲ್ಲಿ 40 ತರಗತಿ ಆಗಿವೆ, ನನ್ನ ಹಾಜರಿ 28. ಲ್ಯಾಬ್ 9 ಆಗಿವೆ, ಹೋಗಿರೋದು 6. ಹಾಸ್ಟೆಲ್ ಸೇರೋದೇ ವಾಸಿಯೇ? ರಾತ್ರಿ ಪಾಳಿ ತ್ರೀಫೇಸ್ ಕರೆಂಟು ಇರುವ ವಾರ ತೋಟಕ್ಕೆ ನೀರು ಬಿಡೋದಕ್ಕೂ ಏಳಬೇಕು. ಬೆಳಿಗ್ಗೆ 6ಕ್ಕೆ ಕಟ್ಟಿದ ಬುತ್ತಿ ಮಧ್ಯಾಹ್ನ ಹಳಸಿರುತ್ತದೆ, ಅದಕ್ಕೂ ಏನಾದರೂ ಹೇಳಿ.

ಗೋಮಾಳ

ತಮ್ಮಾ, ಬಸ್ಸಿನ ಹೊತ್ತು ನಿನ್ನ ಕೈಯಲ್ಲಿಲ್ಲ, ಡೈರಿ ಹೊತ್ತೂ ಇಲ್ಲ. ಕರೆಯುವ ಹೊತ್ತು ಮಾತ್ರ ನಿನ್ನದು. ಅದನ್ನು 5.15ಕ್ಕೆ ತಂದುಕೋ. ಆದರೆ ಒಂದೇ ದಿನಕ್ಕೆ ಮುಕ್ಕಾಲು ಗಂಟೆ ಹಿಂದೆ ತಂದರೆ ಹಸು ಹಾಲು ಏರಿಸಿಕೊಳ್ಳುತ್ತದೆ. ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದೆ ಸರಿಸು, ಹತ್ತು ದಿನದೊಳಗೆ ಒಗ್ಗಿಹೋಗುತ್ತದೆ. ಸಂಜೆಯದನ್ನೂ ಜೊತೆಜೊತೆಗೆ ಸರಿಸೋದಕ್ಕೆ ಚಿಕ್ಕಮ್ಮನಿಗೆ ಹೇಳು. 12 ಗಂಟೆಯ ಅಂತರ ಚೆನ್ನ. 13-11 ಆದರೂ ಹಾಲು ಅಷ್ಟೇನೂ ಇಳಿಯಲ್ಲ. ದಿನಕ್ಕೊಂದು ಹೊತ್ತಿಗೆ ಕರೆದರೆ ಮಾತ್ರ ಖಂಡಿತ ಇಳಿಯುತ್ತದೆ. ಭಾನುವಾರ ಅಂತ 7ಕ್ಕೆ ಎದ್ದು ಕರೆಯಬೇಡ, ಸೋಮವಾರದ ಹಾಲಿನಲ್ಲಿ ಗೊತ್ತಾಗುತ್ತದೆ.

ಬೆಳಗಿನ ಕೆಲಸ ಅರ್ಧ ಮುಗಿಯಬೇಕಾದ್ದು ಹಿಂದಿನ ರಾತ್ರಿ. ನೇಪಿಯರ್ ಹುಲ್ಲನ್ನು ಒಂದೆರಡು ಇಂಚಿಗೆ ಕತ್ತರಿಸಿ ಇಟ್ಟುಕೋ. ಗುಡ್ಡೆ ಹಾಕಬೇಡ, ನೆಲದ ಮೇಲೆ ತೆಳ್ಳಗೆ ಹರಡು. ಗುಡ್ಡೆ ಹಾಕಿದ ಹಸಿ ಹುಲ್ಲು ಬೆಳಗಾಗೋ ಹೊತ್ತಿಗೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಬಂದಿರುತ್ತದೆ, ಹಸು ಮೂಸಿ ಬಿಡುತ್ತದೆ. ಪಶು ಆಹಾರ ಎರಡು ಬಕೆಟ್ಟಿಗೆ ಅಳೆದು ಒಣಗಿದ್ದ ಹಾಗೇ ಇಡು, ರಾತ್ರಿಯಿಡೀ ನೆನೆಸಬೇಡ. ಲೆಕ್ಕ ಇಷ್ಟೇ: ಮೈಗೆ ಅಂತ ಒಂದೂವರೆ ಕೆಜಿ, ಮೇಲೆ ಲೀಟರಿಗೆ 400 ಗ್ರಾಂ. ನಿನ್ನ ದೊಡ್ಡ ಹಸುವಿಗೆ ದಿನಕ್ಕೆ ಐದೂವರೆ, ಚಿಕ್ಕದಕ್ಕೆ ಸುಮಾರು 4 ಕೆಜಿ, ಎರಡು ಹೊತ್ತಿಗೆ ಭಾಗ ಮಾಡು.

5ಕ್ಕೆ ಎದ್ದು ಸೆಗಣಿ ಬಾಚು. ನಂತರ ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸು. ಕೆಚ್ಚಲು ಮುಟ್ಟಿದ ಮೇಲೆ ಹಸು ಹಾಲು ಇಳಿಸೋದು ಐದರಿಂದ ಎಂಟು ನಿಮಿಷ ಮಾತ್ರ. ಎರಡನ್ನೂ ಒಟ್ಟಿಗೆ ತೊಳೆದು ಆಮೇಲೆ ಒಂದೊಂದೇ ಕರೆಯೋದು ತಪ್ಪು, ಎರಡನೆಯದರ ಹೊತ್ತು ಕಳೆದುಹೋಗಿರುತ್ತದೆ, ನೀನು ಎಷ್ಟು ಎಳೆದರೂ ಕೊನೆಯ ಕೆನೆಹಾಲು ಬರಲ್ಲ. ಹೆಬ್ಬೆರಳು ಮಡಚಿ ಗೆಣ್ಣಿನಲ್ಲಿ ಒತ್ತಿ ಕರೆಯುವ ಅಭ್ಯಾಸ ಇದ್ದರೆ ಬಿಡು. ಮೊಲೆಯ ಒಳಗೆ ಗಾಯವಾಗಿ ಕೆಚ್ಚಲು ಬಾವು ಬರೋದಕ್ಕೆ ಅದೂ ಒಂದು ಕಾರಣ. ಪೂರ್ತಿ ಮುಷ್ಟಿಯಲ್ಲಿ ಮೇಲಿಂದ ಕೆಳಕ್ಕೆ ಬೆರಳು ಮುಚ್ಚುತ್ತಾ ಬಾ. ಅಮ್ಮನ ಮಣಿಕಟ್ಟಿಗೂ ಹೀಗೆ ಕರೆದರೆ ಭಾರ ಕಮ್ಮಿ.

ಹುಲ್ಲು ಹಾಕೋದು ಕರೆದಾದ ಮೇಲೆ. ಕರೆದ ಬಳಿಕ ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ, ಹಸು ಆಗಲೇ ಮಲಗಿದರೆ ನೆಲದ ಕೊಳೆ ಒಳಗೆ ಹೋಗುತ್ತದೆ. ಮುಂದೆ ಹುಲ್ಲಿದ್ದರೆ ನಿಂತಿರುತ್ತದೆ.

5.45ಕ್ಕೆ ಹಾಲು ತಯಾರು. ಬಟ್ಟೆಯಲ್ಲಿ ಸೋಸಿ, ಕ್ಯಾನನ್ನು ತಣ್ಣೀರಿನ ಬಾನಿಯಲ್ಲಿ ನಿಲ್ಲಿಸು. 6.10ಕ್ಕೆ ಡೈರಿ ಬಾಗಿಲಲ್ಲಿ ಮೊದಲ ಕ್ಯಾನ್ ನಿನ್ನದಾಗಿರಲಿ. ಎರಡು ಹಸುವಿಗೆ ಕರೆಯುವ ಮಷೀನು ಬೇಡ. ಕರೆಯೋದರಲ್ಲಿ ಉಳಿಸಿದ ಹೊತ್ತು ಅದನ್ನು ತೊಳೆಯೋದಕ್ಕೆ ಹೋಗುತ್ತದೆ, ಸರಿಯಾಗಿ ತೊಳೆಯದಿದ್ದರೆ ಹಾಲು ಒಡೆಯುತ್ತದೆ.

ಕಾಲೇಜಿಗೆ ಹೋಗುವವರ ಮನೆಯಲ್ಲಿ ತಪ್ಪಿಹೋಗುವ ಇನ್ನೊಂದು ವಿಷಯ ಹಸು ಬೆದೆಗೆ ಬರೋದು. ಒಮ್ಮೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟು ದಿನದ ಮೇವು ದಂಡ. ಬೆಳಿಗ್ಗೆ ಎದ್ದ ಕೂಡಲೇ ಹಿಂಭಾಗದಲ್ಲಿ ಗಾಜಿನ ಎಳೆಯಂಥ ಲೋಳೆ ಇದೆಯಾ ನೋಡು, ರಾತ್ರಿ ಬಂದ ಮೇಲೂ ನೋಡು. ಬೆಳಿಗ್ಗೆ ಕಂಡರೆ ಅವತ್ತು ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಗರ್ಭ ಕಟ್ಟುವ ಇಂಜೆಕ್ಷನ್ ಹಾಕಿಸಬೇಕು. ಬಸ್ಸು ಹತ್ತುವ ಮುಂಚೆ ಇಂಜೆಕ್ಷನ್ ಹಾಕುವವರಿಗೆ ಫೋನು ಮಾಡಿ ಹೇಳಿಬಿಟ್ಟರೆ ಸಂಜೆ ಅಮ್ಮ ಹಿಡಿದುಕೊಂಡರೆ ಸಾಕು.

ಎರಡನೇಬೆಂಚು

ಹಸುವಿನ ವಿಷಯ ಗೋಮಾಳ ಅಣ್ಣ ಹೇಳಿದ್ದಾರೆ. ನಾನು ಹಾಜರಾತಿಯ ಲೆಕ್ಕ ಹೇಳುತ್ತೇನೆ, ಇದನ್ನು ಇವತ್ತೇ ಹಾಳೆಯ ಮೇಲೆ ಬರೆದುಕೊಳ್ಳಿ.

ಪರೀಕ್ಷೆಗೆ ಕೂರಲು ಬೇಕಾದ 75 ಶೇಕಡಾ ಹಾಜರಾತಿ ಅನ್ನೋದನ್ನು ಒಂದೊಂದು ವಿಷಯಕ್ಕೂ ಬೇರೆ ಬೇರೆ ನೋಡುತ್ತಾರೆ, ಎಲ್ಲ ಸೇರಿಸಿ ಸರಾಸರಿ ಅಂದುಕೊಂಡವರೇ ಕೊನೆಗೆ ಸಿಕ್ಕಿಬೀಳೋದು. ಭೌತಶಾಸ್ತ್ರಕ್ಕೆ ಸೆಮಿಸ್ಟರಿನಲ್ಲಿ 60 ತರಗತಿ ಆಗುತ್ತವೆ ಅಂತಿಟ್ಟುಕೊಂಡರೆ ನಿಮಗೆ ಬೇಕಾದ್ದು 45. ಈಗ 28 ಇವೆ. ಉಳಿದ 20ರಲ್ಲಿ 17ಕ್ಕೆ ಹೋಗಬೇಕು. ಮೂರು ಮಾತ್ರ ಬಿಡಬಹುದು. ಅದು ಸಾಧ್ಯವಿರುವ ಲೆಕ್ಕವೇ.

ಭಯ ಇರೋದು ಲ್ಯಾಬಿನದು. ವಾರಕ್ಕೊಂದರಂತೆ 14 ಲ್ಯಾಬ್ ಆದರೆ 75 ಶೇಕಡಾ ಅಂದರೆ ಹತ್ತೂವರೆ, ಅಂದರೆ 11. ನಿಮ್ಮದು 6, ಉಳಿದಿರೋದು 5. ಒಂದನ್ನೂ ಬಿಡುವ ಹಾಗಿಲ್ಲ. ತರಗತಿ ತಪ್ಪಿದರೆ ಒಂದು ಗಂಟೆ ಹೋಯಿತು, ಲ್ಯಾಬ್ ತಪ್ಪಿದರೆ ಇಡೀ ವಾರ ಹೋಯಿತು. ಲ್ಯಾಬ್ ಇರುವ ದಿನದ ಹಿಂದಿನ ರಾತ್ರಿ ನೀರಿನ ಪಾಳಿ, ಮದುವೆ, ಜಾತ್ರೆ ಏನೂ ಇಟ್ಟುಕೊಳ್ಳಬೇಡಿ. ಬಸ್ಸು ತಪ್ಪಿದರೆ ಆ ದಿನ ಮಾತ್ರ ಅರಸೀಕೆರೆ ತನಕ ಯಾರ ಬೈಕಿನಲ್ಲಾದರೂ ಹೋಗಿ. ಅಲ್ಲಿಂದ ತಿಪಟೂರಿಗೆ ಬಸ್ಸೂ ಇದೆ, ರೈಲೂ ಇದೆ.

ಈಗಲೇ ವಿಭಾಗದ ಮುಖ್ಯಸ್ಥರನ್ನು ಕಂಡು, ಬಿಟ್ಟ ಮೂರು ಪ್ರಯೋಗಗಳನ್ನು ಬೇರೆ ಬ್ಯಾಚಿನ ಜೊತೆ ಮಾಡಿ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಬಹುದೇ ಕೇಳಿ. ಇಂಥ ಮಾತಿಗೆ ಸೆಮಿಸ್ಟರಿನ ಮಧ್ಯದಲ್ಲಿ ಬೆಲೆ ಇರುತ್ತದೆ. ಹಾಜರಾತಿ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ ಅವರೂ ಏನೂ ಮಾಡಲಾಗದು. ರೆಕಾರ್ಡ್ ಬರೆಯೋದನ್ನು ಬಸ್ಸಿಗೆ ಇಟ್ಟುಕೊಳ್ಳಬೇಡಿ, ಗ್ರಾಫು ಕೈ ನಡುಗಿ ಕೆಡುತ್ತದೆ. ಬಸ್ಸಿನಲ್ಲಿ ವ್ಯಾಖ್ಯೆ, ಸೂತ್ರ ಬಾಯಿಪಾಠ ಮಾಡಿ. 9ಕ್ಕೆ ಕಾಲೇಜು ತಲುಪಿದರೆ ತರಗತಿಗೆ ಮುಂಚೆ ಸಿಗುವ ಅರ್ಧ ಗಂಟೆ ರೆಕಾರ್ಡಿಗೆ ಸರಿಹೋಗುತ್ತದೆ.

ಹಾಸ್ಟೆಲ್ ಬಗ್ಗೆ. ಹಿಂದುಳಿದ ವರ್ಗಗಳ ಇಲಾಖೆಯ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಜಿ ಕರೆಯೋದು ವರ್ಷದ ಆರಂಭದಲ್ಲಿ, ಆನ್‌ಲೈನ್‌ನಲ್ಲೇ. ಮಧ್ಯದಲ್ಲಿ ಸೀಟು ಖಾಲಿಯಾದರೆ ಮಾತ್ರ ಅವಕಾಶ, ವಾರ್ಡನ್ ಹತ್ತಿರ ಹೋಗಿ ಕೇಳಬೇಕು. ಆದರೆ ನಿಮ್ಮ ಮನೆಯ ಸ್ಥಿತಿ ನೋಡಿದರೆ, ನೀವು ಹಾಸ್ಟೆಲ್ ಸೇರಿದ ತಿಂಗಳಲ್ಲಿ ಒಂದು ಹಸು ಮಾರಬೇಕಾಗುತ್ತದೆ. ಮಾರಿದ ಹಸುವನ್ನು ಅದೇ ಬೆಲೆಗೆ ಮತ್ತೆ ತರಲಾಗದು. ನನ್ನ ಮಾತು ಕೇಳಿದರೆ ಈ ಸೆಮಿಸ್ಟರ್ ಓಡಾಡಿಯೇ ಮುಗಿಸಿ. ಪರೀಕ್ಷೆಯ ಎರಡು ಮೂರು ವಾರ ಮಾತ್ರ ಊರಲ್ಲಿ ಯಾರಿಗಾದರೂ ಬೆಳಗಿನ ಹಾಲು ಕರೆಯೋದಕ್ಕೆ ಒಪ್ಪಿಸಿ, ನೀವು ತಿಪಟೂರಿನಲ್ಲಿ ಸಹಪಾಠಿಯ ರೂಮಿನಲ್ಲಿರಿ.

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ, ಊಟ ವಸತಿಯ ಖರ್ಚಿಗೆ ತಿಂಗಳಿಗಿಷ್ಟು ಅಂತ 10 ತಿಂಗಳು ಕೊಡುವ ನೆರವು. ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಹಾಸ್ಟೆಲ್ಲೂ ವಿದ್ಯಾಸಿರಿಯೂ ಎರಡೂ ಒಟ್ಟಿಗೆ ಸಿಗಲ್ಲ. ದುಡ್ಡು ಬರಲಿಲ್ಲ ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಎರಡೇ ಕಾರಣ. ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ವ್ಯತ್ಯಾಸ. ಎರಡು, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗೋದು. ಯಾವುದೋ ಕಾರಣಕ್ಕೆ ಹೊಸ ಖಾತೆ ತೆಗೆದು ಮರೆತಿದ್ದರೆ ಮೊದಲು ಅದನ್ನು ನೋಡಿ. ಬ್ಯಾಂಕಿನಲ್ಲಿ 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ' ಅಂತಲೇ ಕೇಳಿ, ಅಂದರೆ ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗುವಂತೆ ದಾಖಲಾಗಿದೆ ಅಂತ. 'ಆಧಾರ್ ಲಿಂಕ್ ಆಗಿದೆಯಾ' ಅಂದರೆ ಆಗಿದೆ ಅಂತ ಹೇಳಿ ಕಳಿಸುತ್ತಾರೆ. ಇವೆರಡೂ ಬೇರೆ ಬೇರೆ.

ಬಾಣಾವರ_ರಸ್ತೆ

ಬಸ್ಸಿನ ಬಗ್ಗೆ ಎರಡು ಮಾತು. ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವಾಗ ಎಲ್ಲಿಂದ ಎಲ್ಲಿಗೆ ಅನ್ನೋದರ ಜೊತೆ ಯಾವ ಮಾರ್ಗವಾಗಿ ಅನ್ನೋದನ್ನೂ ಸರಿಯಾಗಿ ತುಂಬಿ. ನಿಮ್ಮೂರಿಗೆ ಎರಡು ರಸ್ತೆ ಇದ್ದರೆ, ಬೆಳಗಿನ ಬಸ್ಸು ಹೋಗುವ ರಸ್ತೆಯೇ ಪಾಸಿನಲ್ಲಿರಲಿ. ಸಮೀಪದ ದಾರಿ ಅಂತ ಇನ್ನೊಂದನ್ನು ಬರೆಸಿದರೆ ತಪಾಸಣೆಯವರು ಹತ್ತಿದ ದಿನ ಜಗಳ. ಪದವಿಯವರ ಪಾಸು 10 ತಿಂಗಳದ್ದು, ನಿಮ್ಮ ಪರೀಕ್ಷೆ ಅದರಾಚೆಗೆ ಹೋಗಬಹುದು. ಅವಧಿ ಮುಗಿಯುವ ಮುಂಚೆಯೇ ಹಾಲ್ ಟಿಕೆಟ್ ಹಿಡಿದು ಪಾಸ್ ಕೌಂಟರಿನಲ್ಲಿ ವಿಚಾರಿಸಿ. ಮನೆಯಲ್ಲಿ ತಂಗಿ ಇದ್ದು ಅವಳೂ ಓಡಾಡುವುದಾದರೆ ಪಾಸು ಬೇಕಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಗುರುತಿನ ಚೀಟಿ ಜೊತೆಗಿದ್ದರೆ ಸಾಕು.

ಇನ್ನು 8.40ರ ಬಸ್ಸು. ಹೊಸ ಬಸ್ಸು ಬಿಡಿ ಅಂತ ಅರ್ಜಿ ಕೊಟ್ಟರೆ ವರ್ಷ ಕಳೆಯುತ್ತದೆ, ಯಾಕೆಂದರೆ ಅದಕ್ಕೆ ಬಸ್ಸು, ಚಾಲಕ, ನಿರ್ವಾಹಕ ಎಲ್ಲ ಹೊಸದಾಗಿ ಬೇಕು. ಇರುವ ಬಸ್ಸನ್ನು 7.45ಕ್ಕೆ ತನ್ನಿ ಅಂತ ಕೇಳಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ವಾರ, ಆರು ದಿನ, ಯಾವ ಸ್ಟಾಪಿನಲ್ಲಿ ಎಷ್ಟು ಮಂದಿ ವಿದ್ಯಾರ್ಥಿಗಳು ಹತ್ತಿದರು ಅಂತ ಬರೆದಿಡಿ. ಆ ಪಟ್ಟಿ, ಪಾಸ್ ನಂಬರು ಸಮೇತ ಸಹಿಗಳು, ಕಾಲೇಜು ಶುರುವಾಗುವ ಹೊತ್ತಿನ ಬಗ್ಗೆ ಪ್ರಾಂಶುಪಾಲರ ಪತ್ರ, ಗ್ರಾಮ ಪಂಚಾಯಿತಿಯ ನಿರ್ಣಯದ ಪ್ರತಿ, ಇವಿಷ್ಟನ್ನು ಡಿಪೋ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. 8.40ಕ್ಕೇ ಹೋಗಬೇಕಾದ ಹೈಸ್ಕೂಲ್ ಮಕ್ಕಳು ಇದ್ದರೆ ಮೊದಲು ಅವರ ಮನೆಯವರ ಜೊತೆ ಮಾತಾಡಿ. ಅವರು ಎದುರು ಅರ್ಜಿ ಕೊಟ್ಟರೆ ಎರಡೂ ಮೂಲೆ ಸೇರುತ್ತವೆ.

ಹೊಂಗೆಮರ

ಲ್ಯಾಬಿನ ಲೆಕ್ಕ ನೋಡಿ ಗಾಬರಿಯಾಯಿತು, ನಾಳೆಯೇ ಸರ್ ಹತ್ತಿರ ಮಾತಾಡುತ್ತೇನೆ. ನೀರಿನದು ಯಾರಾದರೂ ಹೇಳಿ. ಐದು ಎಚ್‌ಪಿ ಮೋಟಾರು, ತೆಂಗಿಗೆ ಡ್ರಿಪ್, ಎರಡು ವಾಲ್ವ್.

ತೋಟದಮನೆ

ಕರೆಂಟು ಬಂದ ಕೂಡಲೇ ಮೋಟಾರನ್ನು ತಾನೇ ಶುರುಮಾಡುವ ಆಟೋ ಸ್ಟಾರ್ಟರ್ ಹಾಕಿಸಿ, ಆದರೆ ಅದೊಂದನ್ನೇ ಹಾಕಿಸಿ ನಿದ್ದೆ ಮಾಡಬೇಡಿ. ಜೊತೆಗೆ ಮೂರು ಬೇಕು. ಒಂದು ಫೇಸ್ ಹೋದಾಗ ಮೋಟಾರು ನಿಲ್ಲಿಸುವ ಪ್ರಿವೆಂಟರ್, ಅದಿಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಬೋರಿನಲ್ಲಿ ನೀರು ಇಳಿದಾಗ ನಿಲ್ಲಿಸುವ ಡ್ರೈ ರನ್ ರಕ್ಷಣೆ. ಮೂರನೆಯದು ಟೈಮರ್ ತಡ. ಕರೆಂಟು ಬಂದ ಕ್ಷಣ ಊರಿನ ಎಲ್ಲ ಆಟೋ ಸ್ಟಾರ್ಟರ್‌ಗಳೂ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿದು ಮೋಟಾರು ಗುಂಯ್‌ಗುಡುತ್ತಾ ನಿಲ್ಲುತ್ತದೆ. ನಿಮ್ಮದನ್ನು ಐದಾರು ನಿಮಿಷ ತಡವಾಗಿ ಶುರುವಾಗುವಂತೆ ಇಡಿ.

ವಾಲ್ವ್ ತಿರುಗಿಸೋದಕ್ಕೆ ನಡುರಾತ್ರಿ ಏಳಬೇಕಿಲ್ಲ. ಒಂದು ರಾತ್ರಿ ಒಂದೇ ವಾಲ್ವ್, ಮಾರನೇ ರಾತ್ರಿ ಇನ್ನೊಂದು. ಸಂಜೆ ಬಸ್ಸಿಳಿದು ಬರುವಾಗಲೇ ತಿರುಗಿಸಿ ಬನ್ನಿ. ತೆಂಗು ಒಂದು ದಿನ ಬಿಟ್ಟು ನೀರು ಕುಡಿದರೆ ಏನೂ ಆಗಲ್ಲ. ಎರಡು ವಾಲ್ವನ್ನೂ ಮುಚ್ಚಿ ಮರೆತು ಆಟೋದಲ್ಲಿ ಬಿಟ್ಟರೆ ಮಾತ್ರ ಪೈಪಿನ ಜಾಯಿಂಟು ಸೀಳುತ್ತದೆ. ಒಂದನ್ನು ತೆರೆದ ಮೇಲೆಯೇ ಇನ್ನೊಂದನ್ನು ಮುಚ್ಚುವ ರೂಢಿ ಮಾಡಿಕೊಳ್ಳಿ.

ಬುತ್ತಿಗಂಟು

ಬುತ್ತಿ ಹಳಸೋದಕ್ಕೆ ಕಾರಣ ಹೆಚ್ಚಾಗಿ ಹಸಿ ತೆಂಗಿನಕಾಯಿ, ಜೊತೆಗೆ ಬಿಸಿ ಅನ್ನವನ್ನೇ ಡಬ್ಬಿಗೆ ತುಂಬಿ ಮುಚ್ಚೋದು. ಮುಚ್ಚಳದ ಒಳಗೆ ಬೆವರಿದ ನೀರು ಅನ್ನದ ಮೇಲೆ ಬಿದ್ದರೆ 1 ಗಂಟೆಯ ಹೊತ್ತಿಗೆ ಲೋಳೆ. ತಟ್ಟೆಯಲ್ಲಿ ಹರಡಿ ಆರಿಸಿಯೇ ತುಂಬಿಸಿ. ಚಿತ್ರಾನ್ನಕ್ಕೆ ಕಾಯಿ ತುರಿ ಬೇಡ, ಪುಳಿಯೋಗರೆ ಗೊಜ್ಜು ಒಮ್ಮೆ ಮಾಡಿಟ್ಟರೆ ವಾರ ಬರುತ್ತದೆ. ಚಪಾತಿಗೆ ಕಾಯಿ ಚಟ್ನಿ ಬದಲು ಹುಚ್ಚೆಳ್ಳು ಪುಡಿ ಅಥವಾ ಶೇಂಗಾ ಪುಡಿ.

ಮನೆಯಲ್ಲೇ ಹಾಲಿದೆ, ಮೊಸರನ್ನದಷ್ಟು ಒಳ್ಳೆ ಬುತ್ತಿ ಇನ್ನೊಂದಿಲ್ಲ. ಮೊಸರಲ್ಲಿ ಕಲಸಬೇಡಿ, ಮಧ್ಯಾಹ್ನಕ್ಕೆ ಹುಳಿ ಬಂದಿರುತ್ತದೆ. ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿ ಬೆಚ್ಚಗಾಗಿಸಿದ ಹಾಲು ಒಂದು ಲೋಟ ಹಾಕಿ, ಸಡಿಲವಾಗಿ ಕಲಸಿ, ಒಂದೇ ಒಂದು ಚಮಚ ಮೊಸರು ಬೆರೆಸಿ. ಬಸ್ಸು, ತರಗತಿ ಎಲ್ಲ ಮುಗಿಸಿ ಡಬ್ಬಿ ತೆಗೆಯೋ ಹೊತ್ತಿಗೆ ಅದೇ ಹೆಪ್ಪಾಗಿ ಸಿಹಿಮೊಸರಿನ ಅನ್ನವಾಗಿರುತ್ತದೆ. ಉಪ್ಪು ಚಿಟಿಕೆ ಮಾತ್ರ, ಉಳಿದದ್ದು ಉಪ್ಪಿನಕಾಯಿ ನೋಡಿಕೊಳ್ಳುತ್ತದೆ. ಡಬ್ಬಿ ಅಂಚಿನವರೆಗೂ ತುಂಬಬೇಡಿ, ಬ್ಯಾಗಿನಲ್ಲಿ ರೆಕಾರ್ಡ್ ಪುಸ್ತಕ ಇರುತ್ತದೆ.