‘ಶ್ರವಣ ಶಿಬಿರ’ಕ್ಕೆ ಬೇರೆ ಪದ ಬೇಕು, ನಾಳೆ ಹತ್ತು ಗಂಟೆಯೊಳಗೆ

ಕುವೆಂಪುನಗರ:
ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆಯ ನಾಲ್ಕೈದು ಮನೆಯವರು ಸೇರಿ ತಿಂಗಳಿಗೊಂದು ಭಾನುವಾರ ಸಂಗೀತ ಕೇಳಿಸುವ ಯೋಚನೆ ಮಾಡಿದ್ದೇವೆ. ಇದುವರೆಗೂ ಸಂಗೀತ ಕಚೇರಿಯ ಕಡೆ ತಲೆ ಹಾಕದವರಿಗೆ. ಒಂದು ಸಲಕ್ಕೆ ಒಂದೇ ರಾಗ. ಮೊದಲು ಮೋಹನ, ಐದೇ ಸ್ವರ, ಬೇಗ ಕಿವಿಗೆ ಹತ್ತುತ್ತದೆ. ಅದನ್ನೇ ಹಾಡಿನಲ್ಲಿ ಸ್ವಲ್ಪ, ವೀಣೆಯಲ್ಲಿ ಸ್ವಲ್ಪ, ಆಮೇಲೆ ಮಾತು.

ಬೋರ್ಡಿನ ಕರಡಿನಲ್ಲಿ ‘ಶಾಸ್ತ್ರೀಯ ಸಂಗೀತ’ ಸಣ್ಣಕ್ಷರದಲ್ಲಿ ಮೇಲೆ, ‘ಶ್ರವಣ ಶಿಬಿರ’ ದಪ್ಪಕ್ಷರದಲ್ಲಿ ಕೆಳಗೆ ಇತ್ತು. ಎದುರು ಮನೆ ಅಜ್ಜಿ ನೋಡಿ, ‘ಕಿವಿ ಮೆಷಿನ್ ಅಲ್ಲೇ ಕೊಡ್ತಾರೇನಪ್ಪಾ?’ ಎಂದರು. ಮೈಸೂರು ಮಾತು, ಕಿವಿಯ ತೊಂದರೆ ನೋಡುವ ವಾಕ್ ಶ್ರವಣ ಸಂಸ್ಥೆ ಇರುವ ಊರು, ಅವರದೇನೂ ತಪ್ಪಿಲ್ಲ.

ಇನ್ನೊಂದು. ಹಂಚುವ ಹಾಳೆಯಲ್ಲಿ ‘ತನಿ ಆವರ್ತನ’ ಬರುತ್ತದೆ, ಹಾಡು ನಿಲ್ಲಿಸಿ ತಾಳವಾದ್ಯದವರಷ್ಟೇ ನುಡಿಸುವ ಭಾಗ. ಹೊಸಬರಿಗೆ ಏನೆಂದು ಬರೆಯಲಿ? ಫ್ಲೆಕ್ಸ್‌ನವರು ನಾಳೆ ಹತ್ತಕ್ಕೆ ಮ್ಯಾಟರ್ ಕೇಳಿದ್ದಾರೆ.

ಸರಸ್ವತಿಪುರಂ:
ಕೇಳ್ಮೆ. ತಾಳ್ಮೆ, ಬಾಳ್ಮೆ ಇದ್ದ ಹಾಗೆ. ಇದರಲ್ಲಿ ಚರ್ಚೆ ಏನಿದೆ?

ವಿ.ವಿ. ಮೊಹಲ್ಲ:
‘ಸಂಗೀತ ಕೇಳ್ಮೆ’ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ಬೋರ್ಡಿನ ಮೇಲೆ ಬೇಡ. ಅಲ್ಲದೆ ಕಿವಿಯಲ್ಲಿ ಕೇಳೋದೋ, ಪ್ರಶ್ನೆ ಕೇಳೋದೋ? ‘ಆಲಿಕೆ’ ನೋಡಿ. ಹಾಗೇ ಹಾಳೆಯಲ್ಲಿ ‘ಶ್ರುತಿ’ ಬಂದರೆ ‘ಶೃತಿ’ ಮಾಡಬೇಡಿ. ಊರ ತುಂಬ ಅದೇ ಆಗಿದೆ.

ಸರಸ್ವತಿಪುರಂ:
‘ಪಕ್ಕವಾದ್ಯ’ವೂ ಅರಿಸಮಾಸವೇ. ದಿನಾ ಹೇಳುತ್ತೀರಲ್ಲ, ನಾಲಿಗೆ ಸುಟ್ಟಿತೇ? ಆಲಿಕೆ ಅಂದ್ರೆ ಜನಕ್ಕೆ ಆಲಿಕಲ್ಲು ನೆನಪಾಗುತ್ತದೆ.

ಮಂಡ್ಯ:
ಆ ಜಗಳ ನೀವೇ ಮುಗಿಸಿಕೊಳ್ಳಿ. ನನ್ನದು ತನಿ ವಿಷಯ. ನಮ್ಮ ಕಡೆ ತನಿ ಎರೆಯೋದು ಅಂದ್ರೆ ಹುತ್ತಕ್ಕೆ ಹಾಲು ಎರೆಯೋದು. ಮೊದಲ ಸಲ ಮೈಸೂರಿಗೆ ಬಂದು ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಕೂತಿದ್ದೆ. ಪಕ್ಕದವರು ‘ಇನ್ನು ತನಿ’ ಅಂದರು. ಹಾಲಿನ ಚೊಂಬು ಎಲ್ಲಿದೆ ಎಂದು ನಾನು ನೋಡುತ್ತಿದ್ದರೆ ಅರ್ಧ ಪೆಂಡಾಲು ಎದ್ದು ಕಾಫಿಗೆ ಹೋಯಿತು. ನನಗೆ ಗೊತ್ತಿರಲಿಲ್ಲ, ಸುಮ್ನೆ ಕೂತೆ. ಮೃದಂಗದವರು ಒಂದು ಉದ್ದನೆಯ ನಡೆ ನುಡಿಸಿದರು, ಘಟದವರು ಅದಕ್ಕೆ ಉತ್ತರ ಕೊಟ್ಟರು. ಆಮೇಲೆ ಅದರ ಅರ್ಧ, ಅದರರ್ಧ. ಕೊನೆಗೆ ಒಂದೊಂದೇ ಪೆಟ್ಟಿಗೆ ಇಳಿದು, ಇಬ್ಬರೂ ಸೇರಿ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡು ಎತ್ತಿಕೊಂಡ ಜಾಗಕ್ಕೇ ಬಂದು ನಿಂತರು. ನನಗೆ ಸಂಗೀತ ಹಿಡಿಸಿದ್ದು ಅಲ್ಲಿ. ಪದ ಯಾವುದಾದರೂ ಹಾಕಿ, ಪಕ್ಕದಲ್ಲಿ ‘ಕಾಫಿಗೆ ಏಳಬೇಡಿ’ ಅಂತ ಬರೆಯಿರಿ.

ಆ ‘ಶಾಸ್ತ್ರೀಯ’ವನ್ನೂ ತೆಗೆಯಿರಿ. ಹೆಸರು ಕೇಳಿಯೇ ಹೆದರುತ್ತಾರೆ. ‘ಹುಡುಗಿ ಸಂಗೀತ ಕಲಿತಿದ್ದಾಳೆ’ ಅಂದ್ರೆ ಯಾವುದು ಅಂತ ಯಾರಾದರೂ ಕೇಳುತ್ತಿದ್ದರಾ?

ವಿ.ವಿ. ಮೊಹಲ್ಲ:
ತಾಯಿ, ಅದು ಬೇರೆ ತನಿ. ನಮ್ಮ ಕನ್ನಡದ ತನಿ ಅಂದರೆ ಸವಿ, ಸೊಂಪು. ತನಿವಣ್ಣು ಅನ್ನುವುದಿಲ್ಲವೇ? ಕಚೇರಿಯ ತನಿ ತಮಿಳಿನದು, ಬೇರೆಯಾಗಿ, ಒಂಟಿಯಾಗಿ ಅಂತ ಅರ್ಥ.

ಸರಸ್ವತಿಪುರಂ:
ಹಾಗಾದರೆ ಕನ್ನಡ ಮಾಡಿ. ಒಂಟಿಸುತ್ತು.

ವಿ.ವಿ. ಮೊಹಲ್ಲ:
ಚಾಮುಂಡಿ ಬೆಟ್ಟಕ್ಕೆ ಒಬ್ಬರೇ ಹೋಗಿ ಬಂದ ಹಾಗಿದೆ. ಬೇಡ.

ಸರಸ್ವತಿಪುರಂ:
ತಮಿಳಿನದ್ದು ನಡೆಯುತ್ತದೆ, ಉತ್ತರದಿಂದ ಬಂದ ‘ಕಚೇರಿ’, ಕೊನೆಯಲ್ಲಿ ಹಾಡುವ ಸಣ್ಣಪುಟ್ಟ ಹಾಡಿಗೆ ‘ತುಕ್ಕಡ’ ನಡೆಯುತ್ತವೆ, ಕನ್ನಡದ್ದು ಮಾತ್ರ ನಗೆಪಾಟಲು. ತಾಲ್ಲೂಕು ಕಚೇರಿಯಲ್ಲೂ ಯಾರೋ ಹಾಡುತ್ತಾರೆ ಅಂದುಕೊಳ್ಳಬೇಕು.

ವಿ.ವಿ. ಮೊಹಲ್ಲ:
ತಿರುಮಕೂಡಲಿನ ಚೌಡಯ್ಯನವರು ಏಳು ತಂತಿ ಕಟ್ಟಿದ್ದು ಯಾವುದಕ್ಕೆ? ಪಿಟೀಲಿಗೆ. ವಾದ್ಯ ಸಮುದ್ರ ದಾಟಿ ಬಂತು, ಹೆಸರು ಇಂಗ್ಲಿಷಿನ ಫಿಡಲ್‌ನಿಂದ ಬಂತು. ಇದ್ದ ನಾಲ್ಕು ತಂತಿಯ ಜೊತೆಗೆ ಇನ್ನು ಮೂರು ಸೇರಿಸಿದರು, ನಾದ ದೊಡ್ಡ ಸಭೆಯ ಕೊನೆಯವರೆಗೂ ಮುಟ್ಟಲಿ ಅಂತ. ಇನ್ನೂ ಅದು ಪರಕೀಯವೇ? ಪದಗಳೂ ಹಾಗೇ ಸ್ವಾಮಿ, ನುಡಿಸಿದವರ ಕೈಗೆ ಸೇರುತ್ತವೆ.

ಸರಸ್ವತಿಪುರಂ:
ಪಿಟೀಲಿಗೆ ನಮ್ಮಲ್ಲಿ ಬೇರೆ ಹೆಸರಿರಲಿಲ್ಲ. ಕೇಳುವುದಕ್ಕೆ ಇತ್ತು. ಇಷ್ಟೇ ನನ್ನ ಮಾತು.

ಮಂಡ್ಯ:
ಇದ್ದದ್ದು ‘ಕೇಳು’ ಮೇಷ್ಟ್ರೇ, ‘ಕೇಳ್ಮೆ’ ಅಲ್ಲ.

ಕುವೆಂಪುನಗರ:
ಮ್ಯಾಟರ್ ಕೊಟ್ಟಾಯಿತು. ಬೋರ್ಡಿನಲ್ಲಿ ‘ಸಂಗೀತ ಕೇಳೋಣ ಬನ್ನಿ’, ಕೆಳಗೆ ‘ಹೊಸಬರಿಗೆ’. ಶಾಸ್ತ್ರೀಯ ತೆಗೆದೆ. ಹಾಳೆಯಲ್ಲಿ ತನಿ ಹಾಗೇ ಇದೆ, ಪಕ್ಕದಲ್ಲಿ ‘ಮೃದಂಗ, ಘಟದವರ ಸರದಿ. ಕಾಫಿಗೆ ಏಳಬೇಡಿ’. ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ‘ಹಂಗಾರೆ ಕಾಫಿ ಯಾವಾಗ?’ ಎಂದರು.